ಅರುಣಾಳ ಎಡಗೈಯ ವಾಚು

ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿಗೆ ಅತ್ತ ದೇವನಹಳ್ಳಿಯಲ್ಲಿ ಇಳಿಯಬೇಕಾದ ವಿಮಾನಗಳು ಬೆಚ್ಚಿಬಿದ್ದು ಇನ್ನೊಂದು ಸುತ್ತು ಹೊಡೆಯುತ್ತವೆ. ಆ ಸದ್ದಿನ ನಟ್ಟನಡುವೆ ಎಂಟು ಮಗ್ಗ ಓಡಿಸುವ ಮುನಿಕೃಷ್ಣನ ಬಳಿ ಐದು ಸ್ವಿಸ್ ವಾಚುಗಳಿದ್ದವು. ಐದೂ ‘ಬ್ರೂನ್‌ಹಾಲ್ಟ್ ಮರೀನಾ’ ಎಂಬ ಒಂದೇ ಜಾತಿಯವು. ಕಂಪನಿ ಅವನ್ನು ತಯಾರಿಸುವುದನ್ನು ನಿಲ್ಲಿಸಿ ಇಪ್ಪತ್ತು ವರ್ಷ ದಾಟಿತ್ತು. ಕಂಪನಿಯ ಯಜಮಾನನ ಮನೆಯಲ್ಲೂ ಐದು ಒಟ್ಟಿಗೆ ಸಿಗಲಾರವೆಂದು ಅವನು ಹೇಳುತ್ತಿದ್ದ. ಸುಳ್ಳೆನ್ನಲು ಸ್ವಿಟ್ಜರ್ಲೆಂಡಿನಿಂದ ಯಾರೂ ಬಂದಿರಲಿಲ್ಲ. ಸಮುದ್ರದಲ್ಲಿ ಮುನ್ನೂರು ಮೀಟರ್ ಇಳಿದರೂ ನೀರು ಹೊಗದ ಆ ವಾಚುಗಳು ಕಂಡ ಮಹಾಸಾಗರವೆಂದರೆ ಅವನ ಬಚ್ಚಲಿನ ಬಕೆಟ್ಟು. ಸರಪಳಿಗೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆಂದು ಮಗ್ಗದ ಮುಂದೆ ಮಾತ್ರ ಕಟ್ಟುತ್ತಿರಲಿಲ್ಲ. ಸಂಜೆ ಒಂದನ್ನು ಕಟ್ಟಿಕೊಂಡು ಹೋಟೆಲಿನತನಕ ಹೋಗಿ ಬರುವಷ್ಟರಲ್ಲಿ ಅರ್ಧ ಊರು ಅವನನ್ನು ಟೈಮು ಕೇಳಬೇಕಿತ್ತು. ಕೇಳದವರಿಗೆ ತಾನೇ ಹೇಳುತ್ತಿದ್ದ.

ದಸರೆಯ ಹೊತ್ತಿಗೆ ಹೆಂಡತಿ ಅರುಣಾಳಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಐದರಲ್ಲಿ ಚಿಕ್ಕದನ್ನು ಮುನಿಕೃಷ್ಣ ಆ ಕೈಗೆ ಕಟ್ಟಿದ. ಅದಕ್ಕೆ ಸೆಲ್ ಇಲ್ಲ. ಕೈ ಅಲ್ಲಾಡಿದಂತೆಲ್ಲ ತಾನೇ ಕೀ ತುಂಬಿಕೊಳ್ಳುತ್ತದೆ, ಅಲ್ಲಾಡದಿದ್ದರೆ ಎರಡು ದಿನಕ್ಕೆ ನಿಲ್ಲುತ್ತದೆ. ಅದು ನಿಲ್ಲದೆ ಓಡಿದರೆ ಕೈ ಬಂದಂತೆಯೇ ಎಂಬುದು ಅವನ ಲೆಕ್ಕ. ಆಸ್ಪತ್ರೆಯಲ್ಲಿ ನಿಂತೇಹೋಯಿತು.

ಮನೆಗೆ ಕರೆತಂದ ಮೇಲೆ, ಕೆಲಸದ ನಡುವೆಯೂ ಕಿಟಕಿಯಿಂದ ಅವಳು ಕಾಣಲೆಂದು ಮಂಚವನ್ನು ಮಗ್ಗದ ಕೋಣೆಯ ಗೋಡೆಗೆ ಒತ್ತಿಸಿ ಹಾಕಿದ. ಈ ಸಲ ವಾಚು ಮೂರನೇ ದಿನವೂ ಓಡಿತು, ಮೂವತ್ತನೇ ದಿನವೂ ಓಡಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಮಾನಸ, ಕೈಗೆ ಇನ್ನೂ ಬಲ ಬಂದಂತಿಲ್ಲ ಎಂದಳು. ಅವಳು ಕೈ ಆಡಿಸುವಾಗ ಕೀ ತುಂಬಿ ಮೋಸವಾಗಬಾರದೆಂದು ವಾಚನ್ನು ಬಿಚ್ಚಿಡುತ್ತಿದ್ದ ಮುನಿಕೃಷ್ಣ, ಡಾಕ್ಟರಿಗೆ ಕಾಣದ್ದು ಸ್ವಿಟ್ಜರ್ಲೆಂಡಿಗೆ ಕಾಣುತ್ತದೆ ಎಂದು ನಕ್ಕ. ಯುಗಾದಿಗೆ ಅರುಣಾ ಎರಡೂ ಕೈಯಲ್ಲಿ ಸಾವಿರ ಒಬ್ಬಟ್ಟು ತಟ್ಟುತ್ತಾಳೆಂದು ಬೂದಿಗೆರೆಯ ನೆಂಟರಿಗೆಲ್ಲ ಆಗಲೇ ಹೇಳಿಯೂ ಆಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಮುನಿಕೃಷ್ಣನ ದೊಡ್ಡಪ್ಪ ಬಚ್ಚಪ್ಪ ತೀರಿಕೊಂಡ. ಹಾಲು-ತುಪ್ಪ ಬಿಡುವ ಮೂರನೇ ದಿನದವರೆಗೆ ಅಣ್ಣತಮ್ಮಂದಿರ ಮನೆಗಳಲ್ಲಿ ಯಾರೂ ಮಗ್ಗ ಮುಟ್ಟುವಂತಿಲ್ಲ. ಎಂಟೂ ನಿಂತವು. ಮೂರನೇ ದಿನ ಸಮಾಧಿಯಿಂದ ಬಂದು ನೋಡಿದರೆ ಅರುಣಾಳ ಕೈಯಲ್ಲಿ ವಾಚೂ ನಿಂತಿತ್ತು.

ಕೆಟ್ಟಿರಬೇಕೆಂದು ಬಿಚ್ಚಿ ಅಲ್ಲಾಡಿಸಿದ. ಓಡಿತು. ಗೋಡೆಗೆ ಅಂಗೈ ಇಟ್ಟ. ಗೋಡೆ ತಣ್ಣಗೆ, ಅಲುಗದೆ ನಿಂತಿತ್ತು. ನಡುಗುವ ಮನೆಯಲ್ಲೇ ಹುಟ್ಟಿ ನಡುಗುವ ಮನೆಯಲ್ಲೇ ಬೆಳೆದವನಿಗೆ, ಮನೆ ನಡುಗುತ್ತದೆಂಬುದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

“ಮಗ್ಗ ಅಲ್ಲಾಡಿಸ್ತಿತ್ತು ಕಣ್ರೀ, ನಾನಲ್ಲ,” ಎಂದಳು ಅರುಣಾ, ಬಾಯಿಯ ಒಂದೇ ಪಕ್ಕದಿಂದ.

“ಗೊತ್ತಿತ್ತಾ ನಿಂಗೆ?”

“ಕೈ ನಂದಲ್ವಾ. ಊರಿಗೆಲ್ಲಾ ಹೇಳ್ಕೊಂಡು ಬಂದ್ಬಿಟ್ರಿ. ಅಷ್ಟು ಖುಷೀಲಿದ್ರಿ. ಹೆಂಗೆ ಹೇಳ್ಲಿ?”

ಮುನಿಕೃಷ್ಣ ವಾಚನ್ನು ಮತ್ತೆ ಅದೇ ಕೈಗೆ ಕಟ್ಟಿದ.

ಮಾರನೇ ಬೆಳಿಗ್ಗೆ ಮಗ್ಗಗಳು ಶುರುವಾದವು. ಮಂಚದ ಪಕ್ಕ ಕೂತಿದ್ದ ಅವನ ಕಾಲಿಗೆ ನೆಲದ ನಡುಕ ಈಗ ಚೆನ್ನಾಗಿ ತಿಳಿಯುತ್ತಿತ್ತು. ಎದುರುಮನೆಯ ಪಾಪಕ್ಕ ಬಾಗಿಲಲ್ಲಿ ಇಣುಕಿ, ಎಂದಿನಂತೆ, ವಾಚು ಓಡುತ್ತಿದೆಯಾ ಎಂದು ವಿಚಾರಿಸಿದಳು. ಅದು ಓಡುತ್ತಿತ್ತು.

“ಕೈ ಬಂದಿಲ್ಲ ಪಾಪಕ್ಕ,” ಎಂದ ಮುನಿಕೃಷ್ಣ.

ಅವಳು ಹೋದ ಮೇಲೆ ವಾಚು ಬಿಚ್ಚಿದ. ಸರಪಳಿ ಇದ್ದಲ್ಲಿ ಚರ್ಮ ಬೆಳ್ಳಗಾಗಿತ್ತು. ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮಾನಸ ಮಾಡಿಸುವಂತೆ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಮಡಿಸತೊಡಗಿದ.

“ನೋವಾದ್ರೆ ಹೇಳು.”

“ಆಗ್ಲಿ ಅಂತಾನೇ ಕಾಯ್ತಿದೀನಿ,” ಎಂದಳು ಅರುಣಾ.