ಬಂಡಿದಾರಿಯ ಸಾಕ್ಷಿ

ಕೋರ್ಟು ಕಾದಂಬರಿಗಳ ಮೇಲೆ ವಕೀಲೆ ಸುನಿತಾಗೆ ಎಷ್ಟು ತಾತ್ಸಾರವೆಂಬುದು ಸೇಡಂ ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ತಲೆಗೂದಲು ನರೆಯುವಷ್ಟು ಕಾಲ ಅವಳು ಅಲ್ಲಿ ಕರಿಕೋಟು ತೊಟ್ಟು ಓಡಾಡಿದ್ದಳು. ಒಬ್ಬ ಸಾಕ್ಷಿಯಾದರೂ ಕಟಕಟೆಯಲ್ಲಿ ಕುಸಿದು "ಹೌದು, ನಾನೇ ಮಾಡಿದೆ" ಎಂದು ಅತ್ತದ್ದನ್ನು ಅವಳು ಕಂಡಿರಲಿಲ್ಲ. ಕಂಡದ್ದು ಮುಂದಿನ ತಾರೀಖು ಕೇಳುವವರನ್ನು, ಬೇವಿನ ಮರದ ಕೆಳಗೆ ಶೇಂಗಾ ಸುಲಿಯುತ್ತ ತಮ್ಮ ಹೆಸರು ಕೂಗುವುದನ್ನೇ ಕಾಯುವವರನ್ನು.

ಅಂಥವಳಿಗೆ ಅಶೋಕಕುಮಾರ ಸಾಕ್ಷಿಯಾಗಿ ಸಿಕ್ಕ.

ವ್ಯಾಜ್ಯ ಕುರಕುಂಟಾದ ದಾನಮ್ಮನದು. ಅವಳ ತಂದೆ ಬಿಟ್ಟುಹೋದ ಹೊಲಕ್ಕೆ ಬಂಡಿ ಹೋಗಬೇಕಾದರೆ ಪಕ್ಕದ ಹೊಲದ ಅಂಚಿನಲ್ಲೇ ಹೋಗಬೇಕು. ಅವಳು ಹುಟ್ಟುವ ಮೊದಲಿನಿಂದಲೂ ಹಾಗೆಯೇ ಹೋಗುತ್ತಿತ್ತು. ಪಕ್ಕದ ಹೊಲವನ್ನು ಭಗವಂತ ಎಂಬಾತ ಕೊಂಡ. ಕೊಂಡವನೇ ಅಂಚಿನುದ್ದಕ್ಕೂ ಶಹಾಬಾದ ಫರಸಿ ಕಲ್ಲು ನೆಟ್ಟು ದಾರಿ ಮುಚ್ಚಿದ. ಅಂದಿನಿಂದ ದಾನಮ್ಮ ತೊಗರಿಯ ಹೊರೆಯನ್ನು ತಲೆಯ ಮೇಲೆ ಹೊತ್ತು ಹಳ್ಳದ ಸುತ್ತು ಹಾಕಿ ತರುತ್ತಿದ್ದಳು. ಅಶೋಕಕುಮಾರ ಅವಳ ಚಿಕ್ಕಪ್ಪನ ಮಗ. ವಾಡಿಯ ಕಡೆ ಸಿಮೆಂಟು ಫ್ಯಾಕ್ಟರಿಯೊಂದರ ಸ್ಟೋರಿನಲ್ಲಿ ಕೆಲಸ. ಅವನು ಹೇಳಬೇಕಾದದ್ದು ಇಷ್ಟೇ: ಆ ದಾರಿಯಲ್ಲಿ ಬಂಡಿ ಹೋಗುತ್ತಿತ್ತು, ಸಣ್ಣವನಿದ್ದಾಗ ನಾನೂ ಅದರಲ್ಲಿ ಕೂತು ಹೋಗಿದ್ದೇನೆ.

ಸುನಿತಾ ಅದನ್ನೇ ಪ್ರಮಾಣಪತ್ರದಲ್ಲಿ ಬರೆಸಿ, ಓದಿ ಹೇಳಿ, ಸಹಿ ಮಾಡಿಸಿದಳು.

"ಇಷ್ಟೇ ಏನ್ರಿ ಮೇಡಂ?" ಅಶೋಕಕುಮಾರನ ಮುಖ ಸಪ್ಪಗಾಯಿತು. ಅವನ ಕಂಕುಳಲ್ಲಿ ಒಂದು ದಪ್ಪ ಪುಸ್ತಕವಿತ್ತು. ಕವರಿನ ಮೇಲೆ ರಕ್ತ ಹತ್ತಿದ ತಕ್ಕಡಿ. ದಿನಾ ರೈಲಿನಲ್ಲಿ ಹೋಗಿಬರುವಾಗ ಅವನು ಓದುತ್ತಿದ್ದದ್ದು ಇಂಥವನ್ನೇ.

"ಇಷ್ಟೇ. ಎದುರಿನ ವಕೀಲರು ಪಾಟೀಸವಾಲು ಮಾಡ್ತಾರ. ಕೇಳಿದ್ದಕ್ಕ ಉತ್ತರ ಕೊಡ್ರಿ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ."

"ಜಡ್ಜ್ ಸಾಹೇಬ್ರಿಗಿ ಬ್ಯಾಸರ ಆಗ್ತದಲ್ರಿ? ಇದರಾಗ ಒಂದು ಧಕ್ಕಾ ಇಲ್ಲ, ಏನಿಲ್ಲ."

"ಅವರಿಗೆ ಬ್ಯಾಸರ ಆಗ್ಲಿ ಅಂತನೇ ಪಗಾರ ಕೊಡ್ತಾರ," ಎಂದಳು ಸುನಿತಾ. "ಆ ಪುಸ್ತಕ ಮನ್ಯಾಗ ಇಟ್ಟು ಬರ್ರಿ."

ಸಾಕ್ಷಿ ಹೇಳುವ ದಿನ ಅವನು ಪುಸ್ತಕವನ್ನೂ ತಂದ, ಅದರೊಳಗಿದ್ದದ್ದನ್ನೂ ತಂದ.

ಭಗವಂತನ ವಕೀಲರು ಹಣಮಂತರಾಯರು, ಮಾತಿನ ನಡುವೆ ಕಣ್ಣು ಮುಚ್ಚುವ ಮುದುಕರು. ಎದ್ದು ನಿಂತು, ಕನ್ನಡಕ ಒರೆಸಿಕೊಂಡು, "ದಾರಿ ಎಷ್ಟು ಅಗಲ ಇತ್ತು?" ಎಂದು ಕೇಳಿದರು.

ಅಶೋಕಕುಮಾರ ಕಟಕಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. ಕೋಣೆಯನ್ನೆಲ್ಲ ಒಮ್ಮೆ ನೋಡಿದ. ಅವನಿಗೆ ಎದೆನೋವು ಬಂತೋ ಏನೋ ಎಂದು ಸುನಿತಾಗೆ ಗಾಬರಿಯಾಯಿತು.

"ಅಗಲ ಬಿಡ್ರಿ ವಕೀಲ್ ಸಾಹೇಬ್ರ. ಫರಸಿ ನೆಟ್ಟ ವರ್ಷ ಎಳ್ಳಮಾಸಿ ಹಬ್ಬದ ಮರುದಿನ ನಸುಕಿನ್ಯಾಗ ಏನಾಯ್ತು ಅಂತ ಕೇಳ್ರಿ."

ಟೈಪಿಸ್ಟ್ ಕೈ ನಿಲ್ಲಿಸಿದ. ನ್ಯಾಯಾಧೀಶರು ತಲೆ ಎತ್ತಿದರು. ಹಣಮಂತರಾಯರ ನಿದ್ದೆ ಪೂರಾ ಹಾರಿಹೋಯಿತು.

"ಏನಾಯ್ತು?"

"ಭಗವಂತ ಕೈಯಾಗ ಕಬ್ಬಿಣದ ಹಾರಿ ಹಿಡದು ಗಡಿಯ ಹಳೇ ಬಾಂದಗಲ್ಲು ಕೀಳಾಕತ್ತಿದ್ದ. ನಾ ಜಾಲಿ ಮರದ ಮರ್ಯಾಗ ನಿಂತು ಕಣ್ಣಾರೆ ನೋಡಿನಿ."

"ಪ್ರಮಾಣಪತ್ರದಾಗ ಇದು ಯಾಕ ಇಲ್ಲ?"

"ಕಡೀಕಿ ಹೇಳಬೇಕಂತ ಇಟ್ಟಿದ್ನಿರಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಶೋಕಕುಮಾರ ಅದನ್ನು ಮೆಚ್ಚುಗೆ ಎಂದು ತಿಳಿದು ಎದೆ ಸೆಟೆಸಿದ. ಹಣಮಂತರಾಯರು ಹಿಂದೆ ಕೂತಿದ್ದ ಭಗವಂತನ ಕಡೆ ಬಗ್ಗಿ ಏನೋ ಕೇಳಿಕೊಂಡು ಮತ್ತೆ ನೇರವಾದರು. ಅವರ ದನಿ ಈಗ ಬೆಣ್ಣೆಯಂತಿತ್ತು.

"ಆ ಎಳ್ಳಮಾಸಿ ಮರುದಿನ ನಾಲವಾರದಾಗ ಭಗವಂತನ ಮಗಳ ನಿಶ್ಚಯ ಇತ್ತಲ್ಲ. ನೀವು ಹೋಗಿದ್ರೇನು?"

"ಹೋಗಿದ್ನಿರಿ. ಹೋಳಿಗಿ ಊಟ. ಭಾಳ ಛಲೋ ಮಾಡಿದ್ರು."

"ಊರಿಂದ ಯಾವಾಗ ಹೊಂಟಿದ್ರಿ?"

"ಎಳ್ಳಮಾಸಿ ಸಂಜಿಗೇ ಹೋಗಿದ್ವಿರಿ, ವಾಡ್ಯಾಗ ಗಾಡಿ ಬದಲಿ ಮಾಡಿ. ಊರ ಮಂದಿ ಎಲ್ಲಾರೂ ಅಲ್ಲಿ ಮಠದಾಗ ಮಲಗಿದ್ವಿ."

"ಎಲ್ಲಾರೂ ಅಂದ್ರ ಭಗವಂತನೂ?"

"ಅವ ನನ್ನ ಬಾಜೂಕೇ..." ಎಂದವನು ಅಲ್ಲಿಗೆ ನಿಂತ. ಊಟದ ವಿಷಯದಲ್ಲಿ ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ; ಅಪರಾಧದ ವಿಷಯದಲ್ಲಷ್ಟೇ ಬರುತ್ತಿತ್ತು.

"ಸಾಕು," ಎಂದು ಹಣಮಂತರಾಯರು ಕೂತರು.

ಹೊರಗೆ ಬಂದ ಮೇಲೆ ಅಶೋಕಕುಮಾರ ಬೇವಿನ ಮರದ ಕೆಳಗೆ ಮುಖ ಒರೆಸಿಕೊಳ್ಳುತ್ತ ನಿಂತಿದ್ದ. ದಾನಮ್ಮ ಸೆರಗು ಸಿಕ್ಕಿಸಿಕೊಂಡು ಅವನೆದುರು ಬಂದಳು. ಅವಳು ಕೂಗಲಿಲ್ಲ.

"ಯಾಕ ಹಂಗ ಹೇಳಿದಿ?"

"ಅಕ್ಕಾ, ನಿನ್ನ ಕೇಸಿನ್ಯಾಗ ಹೇಳಾಕ ಏನೂ ಇರಲಿಲ್ಲ. ಜರಾ ಜೋರ್ ಬರಲಿ ಅಂತ..."

"ಏನೂ ಇರಲಿಲ್ಲಾ?" ದಾನಮ್ಮ ತನ್ನ ನೆತ್ತಿಯ ಮೇಲೆ ಕೈಯಿಟ್ಟಳು. "ಇಲ್ಲಿ ಕೂದಲ ಉದುರ್ಯಾವ ನೋಡು, ಹೊರಿ ಹೊತ್ತು ಹೊತ್ತು. ನಿನ್ನ ಕಣ್ಣಿಗಿ ಇದು ಏನೂ ಅಲ್ಲ. ಸುಳ್ಳ ಕಳ್ಳನ್ನ ಹುಡುಕ್ಯಾಡಿ ತರಬೇಕಾತು ನಿನಗ."

ಸುನಿತಾ ಅವನ ಕಂಕುಳಿನಿಂದ ಪುಸ್ತಕವನ್ನು ಎಳೆದುಕೊಂಡಳು. "ಇದು ನನ್ನ ಕಡಿ ಇರ್ಲಿ. ನೀವು ಮನೀಗಿ ನಡೀರಿ."

ಮರುದಿನ ಅವಳಿಗೆ ಚಿಂಚೋಳಿ ಕೋರ್ಟಿನಲ್ಲಿ ಕೆಲಸವಿತ್ತು. ಬಸ್ಸಿನಲ್ಲಿ ಕೂತು, ತನ್ನ ಸಾಕ್ಷಿಯನ್ನು ಹಾಳು ಮಾಡಿದ್ದು ಏನೆಂದು ನೋಡುವ ಹಟದಿಂದ ಪುಸ್ತಕ ತೆರೆದಳು. ಮೊದಲ ಪುಟಗಳಲ್ಲೇ ಅವಳಿಗೆ ಅಸಹ್ಯವಾಯಿತು. ನ್ಯಾಯಾಧೀಶ ಸುತ್ತಿಗೆ ಕುಟ್ಟುತ್ತಿದ್ದ. ವಕೀಲ ಸಾಕ್ಷಿಯ ಮೂಗಿನ ತುದಿಗೆ ಹೋಗಿ ಬೆರಳಾಡಿಸುತ್ತಿದ್ದ. ಅಂಥವನನ್ನು ಸೇಡಂನಲ್ಲಾದರೆ ಜವಾನನೇ ಹಿಡಿದು ಕೂರಿಸುತ್ತಿದ್ದ. ಕೊಲೆಯಾದ ವಾರದೊಳಗೆ ವಿಚಾರಣೆ! ಎದುರಿನ ವಕೀಲ ಒಂದು ದಿನವೂ ಜ್ವರ ಬಂತೆಂದು ತಾರೀಖು ಕೇಳುವುದಿಲ್ಲ, ಕಡತ ಕಳೆಯುವುದಿಲ್ಲ, ಕರೆಂಟು ಹೋಗುವುದಿಲ್ಲ. ಬರೆದವನು ಕೋರ್ಟಿನ ಮೆಟ್ಟಿಲು ಹತ್ತಿದವನೇ ಅಲ್ಲ ಎಂದು ಅವಳು ಪುಟಪುಟಕ್ಕೂ ಹಲ್ಲು ಕಡಿದಳು. ಹಲ್ಲು ಕಡಿಯುತ್ತಲೇ ಪುಟ ತಿರುವಿದಳು.

"ಮೇಡಂ, ಗಾಡಿ ಡಿಪೋಕ್ಕ ಹೋಗ್ತದ. ಚಿಂಚೋಳಿ ಬಂದು ಆಗ್ಲೇ ಭಾಳ ಹೊತ್ತಾತು. ಇಳೀರಿ," ಎಂದು ಕಂಡಕ್ಟರ್ ಭುಜದ ಹತ್ತಿರ ನಿಂತು ಹೇಳಿದಾಗ ಬಸ್ಸು ಖಾಲಿಯಾಗಿತ್ತು. ಸುನಿತಾಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕೊಂದವರು ಯಾರೆಂದು ತಿಳಿಯಲು ಇನ್ನೂ ಇಪ್ಪತ್ತು ಪುಟ ಉಳಿದಿದ್ದವು.

ಚಿಂಚೋಳಿಯಲ್ಲಿ ಅವಳ ಪ್ರಕರಣವನ್ನು ಮುಂದೂಡಿದರು. ಕಕ್ಷಿದಾರ ಕುಂಚಾವರಂ ಕಡೆಯವನು. ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿದಿದ್ದ. "ಇವತ್ತೂ ಆಗಂಗಿಲ್ಲೇನ್ರಿ?" ಎಂದಷ್ಟೇ ಕೇಳಿ ಚಪ್ಪಲಿ ಹಾಕಿಕೊಂಡು ಹೊರಟ. ಬಾಗಿಲಲ್ಲಿ ನಿಂತು ಅವನ ಬೆನ್ನು ನೋಡುತ್ತಿದ್ದಾಗ ಸುನಿತಾಗೆ ಆ ಕೆಟ್ಟ ಪುಸ್ತಕದ ಆಕರ್ಷಣೆ ಏನೆಂದು ಹೊಳೆಯಿತು. ಅದರಲ್ಲಿ ಯಾರನ್ನೂ ವಾಪಸು ಕಳಿಸುವುದಿಲ್ಲ. ಮಾತಾಡಲು ನಿಂತವನ ಮಾತನ್ನು ಕೊನೆವರೆಗೆ ಕೇಳುತ್ತಾರೆ. ಇದಕ್ಕೇ ಜನ ಸುತ್ತಿಗೆಯನ್ನೂ ಸಹಿಸಿಕೊಳ್ಳುತ್ತಾರೆ ಎಂದುಕೊಂಡಳು. ಅದು ತಿಳಿದದ್ದರಿಂದ ಪುಸ್ತಕದ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು. ಕೋರ್ಟು ಕೊಡಬೇಕಾದದ್ದನ್ನು ಈ ಬೂಸಾ ಕೊಡುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅವಳ ಸಿಟ್ಟು ತನ್ನ ಕಡೆಗೇ ತಿರುಗಿತು. ದಾನಮ್ಮನ ಇಡೀ ಕೇಸನ್ನು ಅವಳು ಒಬ್ಬ ಸಾಕ್ಷಿಯ ಬಾಯಿಯ ಮೇಲೆ ನಿಲ್ಲಿಸಿದ್ದಳು, ಥೇಟು ಆ ಕಾದಂಬರಿಯ ವಕೀಲನಂತೆ. ಆ ದಾರಿಯನ್ನು ತಾನು ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರರನ್ನು ನೇಮಿಸಬೇಕೆಂದು ಅವಳು ಅರ್ಜಿ ಹಾಕಿದಳು. ಹಣಮಂತರಾಯರು ತಕರಾರು ತೆಗೆದರು, ತಾರೀಖುಗಳು ಉರುಳಿದವು, ಕೊನೆಗೆ ಅರ್ಜಿ ಮಂಜೂರಾಯಿತು. ಸೂರ್ಯಕಾಂತ ಎಂಬ ತರುಣ ವಕೀಲ ಕೋರ್ಟಿನ ಪರವಾಗಿ ಟೇಪು ಹಿಡಿದು ಕುರಕುಂಟಾಕ್ಕೆ ಬಂದ. ಸುಡುಬಿಸಿಲು. ಹೊಲದ ಅಂಚಿನಲ್ಲಿ ಮಣ್ಣು ತೆಳುವಾಗಿ, ಕೆಳಗಿನ ಹಾಸುಬಂಡೆ ಅಲ್ಲಲ್ಲಿ ಮೇಲೆದ್ದಿತ್ತು. ಬಂಡೆಯ ಮೇಲೆ ಎರಡು ಗೆರೆ, ಅಂಗೈ ಅಗಲದವು. ಬಂಡಿಯ ಕಬ್ಬಿಣದ ಪಟ್ಟಿಯ ಗಾಲಿಗಳು ವರ್ಷಗಟ್ಟಲೆ ಓಡಾಡಿ ಕೊರೆದಂಥವು. ಅವು ಭಗವಂತ ನೆಟ್ಟ ಫರಸಿ ಸಾಲಿನ ಕೆಳಗೆ ನುಗ್ಗಿ, ಆಚೆ ಬದಿಯಲ್ಲಿ ಎದ್ದು, ದಾನಮ್ಮನ ಹೊಲಕ್ಕೆ ಇಳಿದಿದ್ದವು. ಭಗವಂತ ಬೇರೆ ಕಡೆ ನೋಡುತ್ತ ನಿಂತ.

ಅಶೋಕಕುಮಾರನೂ ಬಂದಿದ್ದ. "ಸಾಹೇಬ್ರ, ಇನ್ನೊಂದು ಮಾತು..." ಎಂದು ಬೆರಳೆತ್ತಿದ.

"ನೀ ಟೇಪ್ ಹಿಡಿ," ಎಂದಳು ದಾನಮ್ಮ. "ಬಾಯಿ ಬಿಟ್ಟರ ನೋಡು ಮತ್ತ."

ಅವನು ಗಪ್ಪಾಗಿ ಟೇಪಿನ ತುದಿ ಹಿಡಿದು ಬಂಡೆಯ ಮೇಲೆ ಮಂಡಿಯೂರಿದ.

ತೀರ್ಪು ದಾನಮ್ಮನ ಪರವಾಗಿ ಬಂತು. ನ್ಯಾಯಾಧೀಶರು ಏರಿಳಿತವಿಲ್ಲದ ದನಿಯಲ್ಲಿ ಆದೇಶದ ಭಾಗವನ್ನಷ್ಟೇ ಓದಿ ಮುಂದಿನ ಪ್ರಕರಣ ಕರೆದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ದಾನಮ್ಮನಿಗೆ ತಾನು ಗೆದ್ದದ್ದು ಹೊರಗೆ ಬಂದ ಮೇಲೆ, ಸುನಿತಾ ಎರಡು ಸಲ ಹೇಳಿದಾಗ ತಿಳಿಯಿತು. ಅವಳು ಗೋಡೆಗೆ ಒರಗಿ ಕೂತುಬಿಟ್ಟಳು.

ತೀರ್ಪಿನ ನಕಲು ಬಂದ ದಿನ ಅಶೋಕಕುಮಾರ ಸುನಿತಾಳ ಆಫೀಸಿಗೆ ಬಂದು ತನ್ನ ಹೆಸರು ಎಲ್ಲಿದೆ ಎಂದು ಕೇಳಿದ. ಅವಳು ತೋರಿಸಿದಳು. 'ಈ ಸಾಕ್ಷಿಯ ಹೇಳಿಕೆ ವಿಶ್ವಾಸಾರ್ಹವಲ್ಲ' ಎಂದಿತ್ತು. ಅವನು ಆ ಸಾಲನ್ನು ಬೆರಳಿಟ್ಟು ಓದಿದ, ಮತ್ತೆ ಓದಿದ.

"ಬಂಡ್ಯಾಗ ಕೂತು ಹೋಗಿದ್ದು ಖರೇನೇ ಇತ್ತಲ್ರಿ, ಮೇಡಂ."

"ಖರೇನೇ ಇತ್ತು. ನೀವೇ ಅದರ ಮ್ಯಾಲ ಮಣ್ಣು ಹಾಕಿದ್ರಿ."

ಭಗವಂತ ಅಪೀಲು ಹಾಕಿದ. ಅದು ಇನ್ನೂ ನಡೆದಿದೆ. ಆದರೆ ತಡೆಯಾಜ್ಞೆ ಸಿಗದ ಕಾರಣ ಅವನು ಬಂಡಿ ಹಾಯುವಷ್ಟು ಕಲ್ಲು ಕಿತ್ತುಕೊಡಲೇಬೇಕಾಯಿತು. ತೊಗರಿ ಕೊಯ್ದ ಮೇಲೆ ದಾನಮ್ಮ ಎತ್ತು ಹೂಡಿದಳು. ಅಶೋಕಕುಮಾರ ಹೇಳಿಕಳಿಸದೆಯೇ ಬಂದು ಹೊರೆ ಏರಿಸಿದ. ಅವಳು ಬೇಡವೆನ್ನಲಿಲ್ಲ. ಬಂಡಿ ತುಂಬಿದ ಮೇಲೆ ಅವನು ಮುಂದುಗಡೆ ಮೂಕಿಯ ಹತ್ತಿರ ಹತ್ತಿ ಕೂರಲು ಹೋದಾಗ, "ಎತ್ತಿಗಿ ಭಾರ ಆಗ್ತದ, ನಡಕೋತ ಬಾ," ಎಂದಳು. ಅವನು ಇಳಿದು, ಊರಿನವರೆಗೂ ಬಂಡಿಯ ಹಿಂದೆ ನಡೆದ.