ಮಡಕೆಗೆ ಹೊದಿಸಿದ ಕಂಬಳಿ

ನಮ್ಮೂರಲ್ಲಿ ಕೋಲಿನ ತುದಿಗೆ ಬಿಳಿ ಬಟ್ಟೆ ಹಾರಿತೆಂದರೆ ಜೋಳದ ಬಿಯರ್ ಕುಡಿಯುವ ಹದಕ್ಕೆ ಬಂತು ಎಂದರ್ಥ. ಅಂಥ ಕೋಲು ಊರಿಗೆಲ್ಲ ಒಂದೇ, ಬಿಯರ್ ಮಾಡಿ ಮಾರುವ ಮಾಪುಸೊ ಅಂಗಳದ್ದು. ಮೇಷ್ಟರ ಕೆಲಸ ಮುಗಿದ ಮೇಲೆ ನನಗೆ ದಿಕ್ಕು ತೋರಿಸುತ್ತಿದ್ದುದೂ ಅದೇ.

ಪಕ್ಕದ ಮನೆಯ ಲಿಪುವೊ ಎಂದೂ ಬಿಯರ್ ಮಾಡಿದವಳಲ್ಲ. ಅತ್ತೆ ಇರುವವರೆಗೂ ಒಲೆ ಅತ್ತೆಯದು. ಆಕೆ ತೀರಿಕೊಂಡು, ಮನೆಯವರು ಸೂತಕದ ಕರಿಬಟ್ಟೆ ಕಳಚುವ ಶನಿವಾರ ಹತ್ತಿರ ಬಂದಾಗ ಹುಡುಗಿಗೆ ಕೈಕಾಲು ಆಡದಂತಾಯಿತು. ಆ ದಿನದ ಬಿಯರ್ ಸೊಸೆಯ ಕೈಯದೇ ಆಗಬೇಕು. ನೊರೆ ಬಾರದಿದ್ದರೆ ಜನ ಜೋಳವನ್ನು ಬೈಯುವುದಿಲ್ಲ, ಸತ್ತವಳು ಸೊಸೆಯನ್ನು ಒಪ್ಪಲಿಲ್ಲ ಅನ್ನುತ್ತಾರೆ. ಹಾಗೆ ಅನ್ನಿಸಿಕೊಂಡವಳಿಗೆ ಆಮೇಲೆ ಆ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವವರೂ ಸಿಗುವುದಿಲ್ಲ.

ಮಾಪುಸೊ ಆ ಅತ್ತೆಯ ಜೀವದ ಗೆಳತಿ. ಆಕೆಯ ಪ್ರಾಣ ಹೋಗುವಾಗ ತಲೆ ಇದ್ದದ್ದು ಇವಳ ತೊಡೆಯ ಮೇಲೆ. "ನಾನಿದ್ದೀನಲ್ಲ ಮಗಳೇ" ಎಂದು ತಾನಾಗಿಯೇ ಬಂದಳು. ತನ್ನ ಮಡಕೆಯ ತಳದ ಗಷ್ಟನ್ನು ಹೆಪ್ಪಿಗೆಂದು ತಂದುಕೊಟ್ಟಳು. ಪಕ್ಕದಲ್ಲಿ ನಿಂತು ಮಾಡಿಸಿದಳು. ಲಿಪುವೊಗೆ ಅವಳು 'ಅವ್ವ' ಆದಳು. ಆಮೇಲಿನ ದಿನಗಳಲ್ಲಿ ಇಬ್ಬರ ಮಾತು ಕಲ್ಲುಗೋಡೆ ದಾಟಿ ನನ್ನ ಕಿವಿಗೂ ಬೀಳುತ್ತಿತ್ತು.

"ಅವ್ವ, ಗುಳ್ಳೆನೇ ಏಳ್ತಿಲ್ಲ."

"ಏಳತ್ತೆ ಕಣೇ. ಕೆಲವು ಬಿಯರು ಹೊಸ ಮದುವಣಗಿತ್ತಿ ಥರ, ನಾಚಿಕೆ."

"ಕಿವಿಯಿಟ್ಟು ಕೇಳಿದೆ, ಸದ್ದೂ ಇಲ್ಲ."

"ಮಡಕೆ ಏನು ನಿನ್ನ ಗಂಡನಾ, ಗೊರಕೆ ಹೊಡಿಯೋಕೆ? ಮುಚ್ಚಳ ಮುಚ್ಚು. ಮೊದಲ ಸಲ ಎಲ್ಲರಿಗೂ ಹೀಗೇ ಎದೆ ಡವಡವ ಅನ್ನೋದು. ಭಯ ಬಿಡು, ತಾನಾಗೇ ಬರತ್ತೆ."

ನಾನೂ ನಕ್ಕೆ. ಹೊಸಬರ ದಿಗಿಲು, ಸರಿಯಾದ ಮಾತನ್ನೇ ಹೇಳಿದಳು ಅಂದುಕೊಂಡೆ.

ಗುರುವಾರ ಬೆಳಿಗ್ಗೆ ಮಲೋತಿ ಬೆಟ್ಟದ ಕಡೆಯಿಂದ ಕೊರೆಯುವ ಗಾಳಿ. ಮಾಪುಸೊ ಸೌದೆಗೆ ಹೋಗಿದ್ದಳು. ಅವಳ ಗುಡಿಸಲಿನ ಬೆಂಚಿನ ಮೇಲೆ ನಾನೊಬ್ಬನೇ ಕಾಯುತ್ತಿದ್ದೆ. ಲಿಪುವೊ ಒಳಗೆ ಬಂದಳು. ಅವ್ವನನ್ನು ಕೇಳಲು ಬಂದವಳು ಮೂಲೆ ನೋಡುತ್ತ ನಿಂತಳು. ಅಲ್ಲಿ ದೊಡ್ಡ ಮಡಕೆಗಳೆರಡು ಕಂಬಳಿ ಸುತ್ತಿಕೊಂಡು ಬಾಣಂತಿಯರ ಹಾಗೆ ಕೂತಿದ್ದವು.

"ಮೇಷ್ಟ್ರೇ, ಇದಕ್ಯಾಕೆ ಹೊದಿಸಿದಾರೆ?"

"ಚಳಿಗಾಲ ಅಲ್ವಾ. ಗಂಡನಿಗೆ ಹೊದಿಸದಿದ್ರೂ ಮಡಕೆಗೆ ಹೊದಿಸ್ತಾಳೆ ಅವಳು."

"ನನಗೆ ಹಿತ್ತಿಲಲ್ಲಿ ಗಾಳಿಗೆ ಇಡು ಅಂದ್ರು. ಉಸಿರಾಡ್ಲಿ ಅಂತ." ಸ್ವಲ್ಪ ತಡೆದು ಕೇಳಿದಳು: "ಹೆಪ್ಪನ್ನ ಸುಡೋ ಗಂಜಿಗೇ ಹಾಕಿಸಿದ್ರು. ಹಾಗೇ ಹಾಕೋದು, ಅಲ್ವಾ?"

"ಸುಡೋದಕ್ಕೆ ಹಾಕಿದ್ರೆ ಹೆಪ್ಪು ಸತ್ತೇಹೋಗತ್ತೆ ತಾಯಿ. ಗಂಜಿ ಆರಲಿ ಅಂತಾನೇ ನಾವು ಈ ಬೆಂಚಿನ ಮೇಲೆ ಬಾಯಾರಿಕೊಂಡು ಮುದುಕರಾಗಿದ್ದು."

ಅವಳಿಗೆ ಸಮಾಧಾನವಾಗಲೆಂದು ನಾನೇ ಸೇರಿಸಿದೆ: "ನಿಂದು ಕೆಟ್ಟರೂ ಚಿಂತೆ ಯಾಕೆ? ಇವೆರಡೂ ಶನಿವಾರಕ್ಕೆ ನಿಮ್ಮನೆಗೇ ಅಂತೆ. ಹೋದ ವಾರವೇ ಹೇಳಿದ್ಲು."

ಹೋದ ವಾರ ಲಿಪುವೊ ಗಂಜಿಯನ್ನು ಇನ್ನೂ ಒಲೆಗೇ ಇಟ್ಟಿರಲಿಲ್ಲ. ಅದು ನನಗೆ ಹೊಳೆದದ್ದು ಹೇಳಿ ಮುಗಿಸಿದ ಮೇಲೆ. ಅವಳಿಗೆ ನಾನು ಹೇಳುತ್ತಿರುವಾಗಲೇ ಹೊಳೆದಿತ್ತು.

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಹೋಗಿ ಕಂಬಳಿಯ ಮೇಲೆ ಅಂಗೈ ಇಟ್ಟಳು. ಮುಚ್ಚಳ ಸರಿಸಿದಳು. ನೊರೆ ಬುಸುಗುಟ್ಟುತ್ತಿತ್ತು. ಅವಳು ಅಷ್ಟು ದಿನ ಕಿವಿಯಿಟ್ಟು ಕಾದ ಸದ್ದು. "ಸಾಯೋವಾಗ ಅತ್ತೆ ನನ್ನ ಕೈಯನ್ನ ಇವರ ಕೈಯಲ್ಲೇ ಇಟ್ಟಿದ್ದು" ಎಂದಳು, ನನಗಲ್ಲ, ಮಡಕೆಗೆ. ಸೋರೆಬುರುಡೆಯ ಸೌಟಿನಿಂದ ನೊರೆಯನ್ನು ತುಂಬ ಮೊಗೆದು, ಹೊದ್ದ ಶಾಲಿನಡಿ ಹಿಡಿದು ನಡೆದೇಬಿಟ್ಟಳು. ನಾನು ಬಾಗಿಲಾಚೆಯ ಕೋಳಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಆ ಮಧ್ಯಾಹ್ನ ಗೋಡೆಯಾಚೆ ಮಡಕೆ ಹಿತ್ತಿಲಿನಿಂದ ಒಲೆಯ ಪಕ್ಕಕ್ಕೆ ಬಂತು. ಗಂಜಿಯನ್ನು ಕೈ ತಾಳುವಷ್ಟು ಬೆಚ್ಚಗೆ ಮಾಡಿ, ಮೊಳಕೆ ಜೋಳದ ಹಿಟ್ಟು ಇನ್ನೊಂದು ಹಿಡಿ ಹಾಕಿ, ನೊರೆ ಬೆರೆಸಿದಳು. ಹೊದಿಸಲು ಅತ್ತೆಯ ಕಂಬಳಿ ತೆಗೆದಳು. ಮರುದಿನ ಗೋಡೆಯ ಈಚೆಗೂ ವಾಸನೆ ಬಂತು. ನನ್ನ ಮೂಗಿಗೆ ಆ ವಿಷಯದಲ್ಲಿ ಮೋಸವಾಗುವುದಿಲ್ಲ.

ಶನಿವಾರ ಮಾಪುಸೊ ಎಲ್ಲರಿಗಿಂತ ಮೊದಲೇ ಬಂದಳು. ಹೆಂಗಸರ ಮಧ್ಯೆ ಕೂತು ಆಗಲೇ ನಿಟ್ಟುಸಿರು ಬಿಡುತ್ತಿದ್ದಳು: "ಪಾಪ, ಎಳೇ ಹುಡುಗಿ. ಏನಾದ್ರೂ ಎಡವಟ್ಟಾದ್ರೆ ನಮ್ಮನೇಲಿ ಇದೆ, ಗಾಬರಿ ಬೇಡ."

ಲಿಪುವೊ ಮಡಕೆಯನ್ನು ತಂದಿಟ್ಟಳು. ನೊರೆ ಕಂಠದಾಚೆ ಉಕ್ಕಿ ಇಳಿಯುತ್ತಿತ್ತು. ಮಾಡಿದವಳೇ ಮೊದಲು ಕುಡಿಯಬೇಕು, ಕುಡಿದಳು. ಆಮೇಲೆ ಸೋರೆಬುರುಡೆ ಮನೆಯ ಹಿರಿಯರಿಗೆ ಹೋಯಿತು. ಗಂಡನ ಚಿಕ್ಕಪ್ಪ ಮೀಸೆ ಒರೆಸಿಕೊಂಡು ಹೇಳಿದ: "ಅತ್ತಿಗೆ ಒಪ್ಪಿದಾಳೆ. ಯಾರಮ್ಮ ನಿಂಗೆ ಕಲಿಸಿದ್ದು?"

ಮಾಪುಸೊ ನೊರೆಯನ್ನೊಮ್ಮೆ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡಳು. "ಇನ್ಯಾರು, ನಾನೇ. ಹೆಪ್ಪು ನಂದೇ. ಭಯ ಬಿಡು ಅಂತ ಬಡ್ಕೊಂಡೆ, ಬೇಕಾದ್ರೆ ಹುಡುಗೀನೇ ಕೇಳಿ."

"ಹೌದು," ಎಂದಳು ಲಿಪುವೊ. "ಹೆಪ್ಪು ಅವ್ವನದೇ."

ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು, ಮಾಪುಸೊಗೆ. ಲಿಪುವೊ ಏನು ಹೇಳಬಹುದಿತ್ತು? ಸೌಟು ನೊರೆ ಕದ್ದವಳು ಅವಳು.

ಊಟವಾದ ಮೇಲೆ ಸತ್ತವಳ ಬಟ್ಟೆಬರೆ ಹಂಚುವುದು ರೂಢಿ. ಲಿಪುವೊ ಅತ್ತೆಯ ಕಂಬಳಿಯನ್ನು ತಂದು ಮಾಪುಸೊ ಮಡಿಲಿಗೆ ಇಟ್ಟಳು. "ಇದು ನಿಮಗೇ ಅಂತ ಅತ್ತೆ ಹೇಳಿದ್ರು."

ಮಾಪುಸೊ ಅದನ್ನು ಕೆನ್ನೆಗೆ ಒತ್ತಿಕೊಳ್ಳಲು ಎತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು. "ಒದ್ದೆ ಇದೆಯಲ್ಲೇ?"

"ಮಡಕೆಗೆ ಹೊದಿಸಿದ್ದೆ ಅವ್ವ. ಚಳಿ ಅಂತ."

ಮಾಪುಸೊ ಕಂಬಳಿಯನ್ನು ಮೂಸಿ ನೋಡಿದಳು. ತನ್ನ ಹೆಪ್ಪಿನ ವಾಸನೆ ಯಾರಿಗೆ ಗೊತ್ತಿರುವುದಿಲ್ಲ? ಅವಳು ಕೊಟ್ಟದ್ದು ಸುಡುವ ಗಂಜಿಯಲ್ಲೇ ಸತ್ತಿತ್ತು, ಇದು ಜೀವ ಇದ್ದದ್ದು. ಮಡಚಿದಳು, ಮತ್ತೆ ಬಿಚ್ಚಿ ಮಡಚಿದಳು, ತಲೆ ಎತ್ತಲಿಲ್ಲ.

ಲಿಪುವೊ ಬಾಯಲ್ಲಿ ಆ 'ಅವ್ವ' ನಾನು ಕೇಳಿದ್ದು ಅದೇ ಕೊನೆ. ಈಗ ಅವಳ ಅಂಗಳದಲ್ಲೂ ಬಿಳಿ ಬಟ್ಟೆ ಹಾರುತ್ತದೆ. ಮಾಪುಸೊ ಎದುರಾದರೆ ಊರವರೆಲ್ಲರಂತೆ ಹೆಸರು ಹಿಡಿದು, ಬಹಳ ಮರ್ಯಾದೆಯಿಂದ ಮಾತಾಡಿಸುತ್ತಾಳೆ.