ಮೂರನೆಯ ಈರುಳ್ಳಿ

ಚಿತಾಗಾರದ ಗುಮಾಸ್ತ ಹಲಗೆಯ ಮೇಲಿನ ಹೆಸರನ್ನು ಒರೆಸಲು ಬಟ್ಟೆ ಎತ್ತಿದ್ದೇ ತಡ, ಗಣಿತದ ಮೇಷ್ಟ್ರು ಅವನ ಮಣಿಕಟ್ಟು ಹಿಡಿದುಬಿಟ್ಟರು. ಎಪ್ಪತ್ತು ದಾಟಿದ ಕೈ, ಬಿಡಿಸಿಕೊಳ್ಳುವುದು ಕಷ್ಟವೇನಿರಲಿಲ್ಲ. ಆದರೂ ಗುಮಾಸ್ತ ಸುಮ್ಮನೆ ನಿಂತ.

"ಎರಡು ಗಂಟೆ ನಮ್ಮದು," ಎಂದರು ಮೇಷ್ಟ್ರು. "ನೀವೇ ಬರೆದಿದ್ದೀರಿ, ನೋಡಿ."

"ಬರೆದಿದ್ದೇನೋ ನಿಜ ಸರ್. ಆದ್ರೆ ಇನ್ನೊಂದು ಹೆಣದ ಕಡೆಯವರು ನೂರಾರು ಜನ ಬಂದು ಬಿಸಿಲಲ್ಲಿ ನಿಂತಿದಾರೆ. ನೀವು ಅಬ್ಬಬ್ಬಾ ಅಂದ್ರೆ ಮೂರು ಜನ. ಬೆಂಚಿದೆ, ಕೂತ್ಕೊಳ್ಳಿ. ಮೂರೂವರೆಗೆ ಮಾಡಿಕೊಡ್ತೀನಿ."

"ಆಗಲ್ಲ. ಎರಡಕ್ಕೆ ನಮ್ಮ ಹುಡುಗಿ ಒಬ್ಬಳು ಬರ್ತಾಳೆ. ಅವಳಿಗೆ ಕೆಲಸದಲ್ಲಿ ಕೊಟ್ಟಿರೋದೇ ಅರ್ಧ ಗಂಟೆ."

ಬಾಯಿಂದ ಅಷ್ಟು ಖಡಾಖಂಡಿತ ಮಾತು ಬಂದದ್ದಕ್ಕೆ ಮೇಷ್ಟ್ರಿಗೇ ಆಶ್ಚರ್ಯವಾಯಿತು. ಗುಮಾಸ್ತ ತಲೆ ಕೆರೆದುಕೊಳ್ಳುತ್ತ ಹೊರಗೆ ಹೋದ.

ಆಸ್ಪತ್ರೆಯಿಂದ ನೇರವಾಗಿ ಬಂದು ಒಳಗಿನ ತಣ್ಣನೆ ಕೋಣೆಯಲ್ಲಿ ಮಲಗಿದ್ದವರು ಡ್ರಾಯಿಂಗ್ ಮೇಷ್ಟ್ರು. ಸರದಿ ಬರುವ ತನಕ ಆ ಬಾಗಿಲು ತೆರೆಯುವಂತಿಲ್ಲ. ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವರು. ಪಾಠ ಮಾಡಿದವರು ಎನ್ನುವುದು ಒಬ್ಬರ ಮಟ್ಟಿಗೆ ಪೂರ್ತಿ ನಿಜ, ಇನ್ನೊಬ್ಬರ ಮಟ್ಟಿಗೆ ಅರೆಬರೆ. ವಾರಕ್ಕೊಂದೇ ಡ್ರಾಯಿಂಗ್ ಪೀರಿಯಡ್, ಅದೂ ಪರೀಕ್ಷೆಯಲ್ಲಿಲ್ಲದ ವಿಷಯ. ಗಣಿತದ ಮೇಷ್ಟ್ರು ಬಾಗಿಲಲ್ಲಿ ತಲೆ ಹಾಕಿ, "ಪಾಠ ಉಳಿದುಬಿಟ್ಟಿದೆ, ಇದೊಂದು ಸಲ ಕೊಡ್ತೀರಾ?" ಎಂದರೆ ಅವರು "ಆಗಲಿ" ಎನ್ನುವರು. ಮಕ್ಕಳು ಅವರಿಗೆ ಇಟ್ಟ ಹೆಸರೇ 'ಆಗಲಿ ಮೇಷ್ಟ್ರು'.

ನಿನ್ನೆಯಿಂದ ಗಣಿತದ ಮೇಷ್ಟ್ರು ಹಳೆಯ ವಿದ್ಯಾರ್ಥಿಗಳಿಗೆ ಒಂದೇ ಸಮನೆ ಫೋನು ಮಾಡಿದ್ದರು. ಎಲ್ಲರೂ ಅಯ್ಯೋ ಪಾಪ ಎಂದರು. ಬರುತ್ತೇನೆ ಎಂದವಳು ಗುಬ್ಬಿ ಒಬ್ಬಳೇ.

*

ಗುಬ್ಬಿ ಹೈಸ್ಕೂಲಿನಲ್ಲಿದ್ದ ವರ್ಷ ಡ್ರಾಯಿಂಗ್ ಮೇಷ್ಟ್ರು ಕ್ಲಾಸಿನ ಮೂಲೆಯ ಮೇಜಿನ ಮೇಲೆ ಒಂದು ಮಣ್ಣಿನ ಹೂಜಿ, ಅದರ ಪಕ್ಕ ಮೂರು ಈರುಳ್ಳಿ ಜೋಡಿಸಿದ್ದರು. ಕಿಟಕಿಯ ಬೆಳಕು ಎಡಗಡೆಯಿಂದ ಬೀಳಬೇಕು, ಯಾರೂ ಅಲುಗಿಸಬಾರದು ಎಂದು ಮೇಜಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದಿದ್ದರು. ಆ ವಾರ ಗಣಿತದ ಮೇಷ್ಟ್ರು ಪೀರಿಯಡ್ ಕೇಳಿದರು. ಮರುವಾರವೂ ಕೇಳಿದರು. ಐದನೆಯ ವಾರದ ಹೊತ್ತಿಗೆ ಈರುಳ್ಳಿಗಳು ಮೊಳಕೆಯೊಡೆದು ಗೇಣುದ್ದ ಬೆಳೆದಿದ್ದವು.

"ನಿಮ್ಮ ಈರುಳ್ಳಿ ಪಾಸಾಗಿ ಮುಂದಿನ ಕ್ಲಾಸಿಗೆ ಹೋಯ್ತಲ್ರೀ," ಎಂದು ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ನಗಿಸಿದರು. ಡ್ರಾಯಿಂಗ್ ಮೇಷ್ಟ್ರೂ ನಕ್ಕರು.

ಆರನೆಯ ವಾರ ಅಂತೂ ಪೀರಿಯಡ್ ಸಿಕ್ಕಿತು. ಕ್ಲಾಸಿಗೆಲ್ಲ ಚಿಕ್ಕವಳಾದ ಗುಬ್ಬಿ, "ಸರ್, ಮೊಳಕೇನೂ ಬರೀಬೇಕಾ?" ಎಂದಳು.

"ಏನು ಕಾಣುತ್ತೋ ಅದನ್ನೆಲ್ಲ ಬರಿ."

ಅರ್ಧ ಪೀರಿಯಡ್ ಕಳೆಯುವಷ್ಟರಲ್ಲಿ ಗಣಿತದ ಮೇಷ್ಟ್ರು ಬಾಗಿಲಲ್ಲಿ ಹಾಜರಾದರು. ಅವತ್ತು ಮಾತ್ರ 'ಆಗಲಿ' ಕೂಡಲೇ ಬರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ಗುಬ್ಬಿಯ ಡೆಸ್ಕಿನ ಪಕ್ಕ ನಿಂತಿದ್ದರು.

"ಇನ್ನು ಹದಿನೈದು ನಿಮಿಷ ಬಿಡಿ," ಎಂದರು, ದನಿ ತಗ್ಗಿಸಿ. "ಈ ಹುಡುಗಿಗೆ ಬೆಳಕು ಕಾಣುತ್ತೆ. ಇಷ್ಟು ವರ್ಷಕ್ಕೆ ಇವಳೊಬ್ಬಳು ಸಿಕ್ಕಿದಾಳೆ."

"ಅವಳು ನನ್ನ ವಿಷಯದಲ್ಲೇ ಫೇಲಾಗೋದು. ನಿಮ್ಮ ಬೆಳಕು ಪಾಸು ಮಾಡಿಸುತ್ತಾ?"

ಕ್ಲಾಸು ಗೊಳ್ಳೆಂದಿತು. ಗುಬ್ಬಿ ಹಾಳೆ ಸುತ್ತಿ ಬ್ಯಾಗಿಗೆ ಹಾಕಿದಳು. "ಆಗಲಿ," ಎಂದು ಡ್ರಾಯಿಂಗ್ ಮೇಷ್ಟ್ರು ಈರುಳ್ಳಿಗಳನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋದರು. ಗಣಿತದಲ್ಲಿ ಗುಬ್ಬಿ ಆ ವರ್ಷ ಹೇಗೂ ಫೇಲಾದಳು.

*

ಗುಮಾಸ್ತ ಹೊರಗೆ ಕಾಯುತ್ತಿದ್ದವರ ಕಡೆಯ ಹಿರಿಯರೊಬ್ಬರನ್ನು ಕರೆದುಕೊಂಡು ಬಂದ. ದರ್ಪದ ಮನುಷ್ಯನಾಗಿದ್ದರೆ ಜಗಳವಾಡಬಹುದಿತ್ತು. ಅತ್ತು ಅತ್ತು ಅವರ ಕಣ್ಣು ಊದಿಕೊಂಡಿದ್ದವು.

"ನಿಮ್ಮ ದುಃಖ ನಮಗೆ ಅರ್ಥ ಆಗಲ್ಲ ಅಂತಲ್ಲ," ಎಂದರು ಅವರು. "ವಯಸ್ಸಾದವರು ತುಂಬ ಜನ ಇದಾರೆ. ಇದೊಂದು ಸಲ ಕೊಡ್ತೀರಾ?"

ಗಣಿತದ ಮೇಷ್ಟ್ರು ಹಲಗೆಯ ಮೇಲಿನ ಹೆಸರಿನ ಕಡೆ ತಿರುಗಿದರು. ಇಪ್ಪತ್ತಾರು ವರ್ಷ ತಾವು ಹೇಳಿದ್ದ ಮಾತೇ ಅದು.

ಬೆಂಚಿನಲ್ಲಿ ತಮ್ಮನ ಪಕ್ಕ ಕೂತಿದ್ದ ಡ್ರಾಯಿಂಗ್ ಮೇಷ್ಟ್ರ ಹೆಂಡತಿ ತಲೆಯೆತ್ತಿದರು. "ಕೊಟ್ಟುಬಿಡಿ ಅಣ್ಣ. ಅವರಿದ್ದಿದ್ರೆ ಏನಂತಿದ್ರು, ನಿಮಗೆ ಗೊತ್ತಿಲ್ವಾ?"

ಆಕೆಯ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಇಷ್ಟು ನೋಯುತ್ತಿರಲಿಲ್ಲ. ಗುಮಾಸ್ತ ಎರಡು ಗಂಟೆಯ ಹೆಸರು ಒರೆಸಿ, ಕೆಳಗೆ ಸಿಕ್ಕ ಜಾಗದಲ್ಲಿ ಸಣ್ಣದಾಗಿ ಬರೆದ.

ಎರಡಕ್ಕೆ ಸರಿಯಾಗಿ ಗುಬ್ಬಿ ಬಂದಳು. ನಲವತ್ತು ದಾಟಿದ ಹೆಂಗಸು. ಜೇಬಿನ ಮೇಲೆ ಅಂಗಡಿಯ ಹೆಸರಿನ ಕೋಟು. ಬಿಲ್ಲಿನ ಕೌಂಟರಿನಲ್ಲಿ ನಿಂತು ನಿಂತು ಕಾಲು ಊದಿದ್ದವು.

"ಎರಡಕ್ಕೆ ಅಂದ್ರಲ್ಲ ಸರ್?"

"ಎರಡಕ್ಕೇ ಇತ್ತಮ್ಮ. ಬೇರೆಯವರು ಕೇಳಿದರು."

ಗುಬ್ಬಿ ಅವರ ಮುಖ ನೋಡಿದಳು. ತಣ್ಣನೆ ಕೋಣೆಯ ಮುಚ್ಚಿದ ಬಾಗಿಲಿನ ಎದುರು ಇಪ್ಪತ್ತು ನಿಮಿಷ ನಿಂತಳು. ಆಮೇಲೆ ಚೀಲದಿಂದ ಹಳದಿಗಟ್ಟಿದ, ಸುತ್ತಿದ ಹಾಳೆಯೊಂದನ್ನು ತೆಗೆದು ಮೇಷ್ಟ್ರ ಕೈಗೆ ಕೊಟ್ಟಳು.

"ಇದನ್ನ ಅವರ ಜೊತೆ ಇಟ್ಟುಬಿಡಿ. ಮುಗಿಸಿ ತೋರಿಸು ಅಂದಿದ್ರು. ನಮ್ಮನೇಲಿ ಆ ಬೆಳಕು ಬರ್ತಿರಲಿಲ್ಲ ಸರ್. ಆಮೇಲೆ ನಾನು ಏನೂ ಬರೀಲೇ ಇಲ್ಲ."

"ಗುಬ್ಬಿ, ಅವತ್ತು ನಾನು..."

"ಬಿಡಿ ಸರ್. ಲೇಟಾದ್ರೆ ಅರ್ಧ ದಿನ ರಜೆ ಹಾಕ್ತಾರೆ."

ಅವಳು ಹೊರಟುಹೋದಳು. ನೂರಾರು ಜನರ ನಡುವೆ ದಾರಿ ಮಾಡಿಕೊಂಡು ಗೇಟು ದಾಟುವುದು ಮೇಷ್ಟ್ರಿಗೆ ಕಾಣಿಸಿತು. ಮತ್ತೊಮ್ಮೆ ಅವಳ ಸಮಯ ಕಿತ್ತುಕೊಂಡೆ ಎಂದುಕೊಂಡರು.

ಮೂರೂವರೆಗೆ ಬಾಗಿಲು ತೆರೆಯಿತು. ಮೇಷ್ಟ್ರು ಗೆಳೆಯನ ಎದೆಯ ಮೇಲೆ ಹಾಳೆ ಬಿಡಿಸಿದರು. ಹೂಜಿಯ ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದಕ್ಕೆ ನೆರಳು. ಮೊದಲ ಈರುಳ್ಳಿಯ ಸಿಪ್ಪೆಯ ಒಂದೊಂದು ಗೆರೆಯೂ ಇತ್ತು. ಎರಡನೆಯದರ ಮೊಳಕೆ ಕಿಟಕಿಯ ಕಡೆ ಬಾಗಿತ್ತು. ಮೂರನೆಯದು ಬರಿಯ ಒಂದು ಸುತ್ತು ಗೆರೆ.

ವರ್ಷಗಟ್ಟಲೆ ಸುತ್ತಿಟ್ಟ ಹಾಳೆ ಬಿಡಿಸಿದಷ್ಟೂ ಸುತ್ತಿಕೊಳ್ಳುತ್ತಿತ್ತು. ಮೇಷ್ಟ್ರು ಎರಡೂ ಅಂಗೈಗಳಿಂದ ಅದನ್ನು ಒತ್ತಿ ಹಿಡಿದು ನಿಂತರು.

"ಕೈ ತೆಗೀರಿ ಸರ್," ಎಂದ ಕೆಲಸದವನು.

"ಇನ್ನು ಹದಿನೈದು ನಿಮಿಷ ಬಿಡಿ."

"ಇಲ್ಲ ಸರ್, ಹಿಂದೆ ಬೇರೆಯವರು ಕಾಯ್ತಿದಾರೆ."

ಮೇಷ್ಟ್ರು ಕೈ ತೆಗೆದರು. ಹಾಳೆ ಮೂರನೆಯ ಈರುಳ್ಳಿಯ ಕಡೆಯಿಂದ ಸುತ್ತಿಕೊಳ್ಳುತ್ತ ಬಂದು ಮುಚ್ಚಿಕೊಂಡಿತು.